ಒಡಪು ಹೇಳದ ಮುತ್ತೈದೆ

ಅವಳು ಕನ್ನಡದವಳೆಂದು ನನಗೆ ಗೊತ್ತಾದದ್ದು ಒಂದು ಎಮ್ಮೆಯಿಂದ.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನಮ್ಮ ಮನೆಯವರ ಎಣ್ಣೆ ಕಂಪನಿಯ ಕ್ವಾರ್ಟರ್ಸ್. ನಮ್ಮದು ನೆಲಮಹಡಿಯ ಕೊನೆಯ ಮನೆ. ಹಿತ್ತಲಿನ ಗೋಡೆಯಾಚೆ ಹಳೆಯ ಹಳ್ಳಿಗೆ ಹೋಗುವ ಮಣ್ಣಿನ ಹಾದಿ. ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕುವ ಹೊತ್ತಿಗೆ ಎಮ್ಮೆಗಳು ಆ ಹಾದಿಯಲ್ಲಿ ಮೇಯಲು ಹೋಗುತ್ತಿದ್ದವು. ಭೂಕಂಪವಾಗಿ ಎರಡನೆಯ ವರ್ಷವೋ ಮೂರನೆಯದೋ ಇರಬೇಕು. ಆಗ ಗೋಡೆ ಬಿಟ್ಟ ಬಿರುಕನ್ನು ಇನ್ನೂ ಯಾರೂ ಮುಚ್ಚಿರಲಿಲ್ಲ. ಆ ಬಿರುಕಿನಿಂದ ಒಂದು ದಿನ ಕೇಳಿಸಿತು: “ನಡಿ, ನಿನ್ನ ಹೆಣಾ ಎತ್ಲಿ, ಆಕಡೆ ಎಲ್ಲೆ ಹೊಂಟಿ?”

ತಂಬಿಗೆ ಹಿಡಿದ ಕೈ ಹಾಗೇ ನಿಂತಿತು. ನಾನು ಧಾರವಾಡದವಳು. ಎಮ್ಮೆಗೆ ಅಷ್ಟು ಪ್ರೀತಿಯಿಂದ ಶಾಪ ಹಾಕುವವರು ನಮ್ಮ ಕಡೆ ಬಿಟ್ಟರೆ ಬೇರೆಲ್ಲಿ ಸಿಗಬೇಕು? ಸ್ಟೂಲು ಹಾಕಿಕೊಂಡು ಗೋಡೆಯ ಮೇಲಿಂದ ಇಣುಕಿದೆ. ನಮಗೆ ಹಾಲು ಹಾಕುವ ಮನೆಯ ಸೊಸೆ. ಮುಖದ ಮೇಲೆ ಸೆರಗು ಇಳಿಬಿಟ್ಟುಕೊಂಡು, ಅತ್ತೆಯ ಹಿಂದೆ ಎರಡನೆಯ ಕ್ಯಾನು ಹೊತ್ತುಕೊಂಡು, ಒಂದು ವರ್ಷದಿಂದ ನನ್ನ ಹೊಸ್ತಿಲಿಗೆ ಬಂದು ಹೋಗುತ್ತಿದ್ದವಳು. ಅವಳು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಮೂಗಿಯಿರಬೇಕೆಂದು ಮೇಲಿನ ಮನೆಯವರು ಹೇಳಿದ್ದನ್ನು ನಂಬಿಕೊಂಡಿದ್ದೆ.

ಮರುದಿನ ಅವಳು ಹಾಲು ಅಳೆಯುವಾಗ ಮೆಲ್ಲಗೆ ಕೇಳಿದೆ, “ಯಾವೂರವ್ವಾ ನಿಂದು?” ಮಾಪಿನ ಹಾಲು ಹೊಸ್ತಿಲ ಮೇಲೆ ಚೆಲ್ಲಿತು. ಅತ್ತೆ ಗದರಿಸಿದಳು. ಹುಡುಗಿ ಬಾಯಿ ಬಿಡಲಿಲ್ಲ. ಮತ್ತೊಂದು ದಿನ ಅತ್ತೆ ಮೇಲಿನ ಮನೆಗೆ ಹಾಲು ಕೊಡಲು ಮೆಟ್ಟಿಲು ಹತ್ತಿದಾಗ, ಸೆರಗಿನೊಳಗಿಂದಲೇ ಹೇಳಿದಳು: “ಹಾವೇರಿ ಕಡೇದಾಕಿರಿ.” ಅಷ್ಟೇ. ಅತ್ತೆಯ ಚಪ್ಪಲಿಯ ಸದ್ದು ಕೇಳುತ್ತಲೇ ಮತ್ತೆ ಮೂಗಿಯಾದಳು.

ಅತ್ತೆ ಮಾತ್ರ ಏನನ್ನೂ ಮುಚ್ಚಿಡುವವಳಲ್ಲ. ನಾನು ಕೇಳಿದ್ದಕ್ಕೆ ಕ್ಯಾನು ಕೆಳಗಿಟ್ಟು ಆರಾಮಾಗಿ ಹೇಳಿದಳು. ಅವರ ಜಾತಿಯಲ್ಲಿ ಹೆಣ್ಣೇ ಸಿಗುವುದಿಲ್ಲ. ಇರುವ ನಾಲ್ಕು ಹುಡುಗಿಯರು ಓದಿಕೊಂಡು ಪಟ್ಟಣದ ಆಚೆ ಬದಿಯ ಬೋಪಾಲ್ ಬಡಾವಣೆಯಲ್ಲಿ ಫ್ಲ್ಯಾಟು ಕೇಳುತ್ತಾರೆ, ಎಮ್ಮೆ ಕಟ್ಟಿದ ಮನೆಗೆ ಬರುವುದಿಲ್ಲ. ಮೂವರು ಗಂಡುಮಕ್ಕಳು ಹಾಗೇ ಕೂತಿದ್ದರು. ಯಾರೋ ಮಧ್ಯಸ್ಥಿಕೆಯವರಿಗೆ ಖರ್ಚು ಕೊಟ್ಟು ದಕ್ಷಿಣದಿಂದ ಇವಳನ್ನು ತರಿಸಿ ದೊಡ್ಡವನಿಗೆ ಮಾಡಿಕೊಂಡರು. ಮೆಹ್ಸಾಣಾದಿಂದ ಎಮ್ಮೆ ತಂದ ಸಂಗತಿಯನ್ನೂ ಆಕೆ ಇದೇ ದನಿಯಲ್ಲಿ ಹೇಳಿದ್ದಳು. ಅವಳ ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ಕ್ರೌರ್ಯವೂ ಇರಲಿಲ್ಲ. ಆ ಹಳ್ಳಿಯಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಹೀಗೆ ದೂರದಿಂದ ತಂದ ಸೊಸೆಯರಿದ್ದರು. ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಮದುವೆ ಎಂಬ ಹೆಸರಿತ್ತು, ಆದ್ದರಿಂದ ಯಾರೂ ಇನ್ನೊಂದು ಹೆಸರು ಹುಡುಕಿರಲಿಲ್ಲ. ನಾನೂ ಹುಡುಕಲಿಲ್ಲ. ನಮ್ಮ ಕಡೆಯ ಒಂದು ಬಡ ಹುಡುಗಿಗೆ ಹಾಲು ಮೊಸರಿನ ಮನೆ ಸಿಕ್ಕಿತಲ್ಲ ಎಂದು ದೇವರಿಗೆ ಕೈ ಮುಗಿದೆ.

ಅಷ್ಟರಲ್ಲಿ ಶ್ರಾವಣ ಬಂತು. ಉತ್ತರದ ಬೇರೆ ಊರುಗಳಲ್ಲಿ ಶ್ರಾವಣ ಹದಿನೈದು ದಿನ ಮೊದಲೇ ಸುರುವಾಗಿಬಿಡುತ್ತದೆ. ಗುಜರಾತಿನಲ್ಲಿ ಮಾತ್ರ ನಮ್ಮದೂ ಅವರದೂ ಒಂದೇ ದಿನ. ಪರಊರಿನಲ್ಲಿ ಇದ್ದವಳಿಗೆ ಅದೂ ಒಂದು ದೊಡ್ಡ ಸಮಾಧಾನ. ಶ್ರಾವಣ ಶುಕ್ರವಾರ ನಮ್ಮ ಮನೆಯಲ್ಲಿ ಲಕ್ಷ್ಮಿಯನ್ನು ಕೂಡಿಸಿ ಐವರು ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಟ್ಟು ಉಡಿ ತುಂಬುವುದು ನನ್ನ ಅತ್ತೆಯ ಕಾಲದಿಂದ ಬಂದದ್ದು. ಕಾಲೋನಿಯಲ್ಲಿ ಕನ್ನಡದವರೇ ಬೆರಳೆಣಿಕೆ. ಹೆದ್ದಾರಿಯ ಮೇಲೆ ಉಡುಪಿ ಹೋಟೆಲು ನಡೆಸುವ, ಕುಂದಾಪುರ ಕಡೆಯ ಒಬ್ಬಾಕೆ ಪ್ರತಿವರ್ಷ ಬರುತ್ತಿದ್ದಳು. ನಾವೆಲ್ಲ ಆಕೆಯನ್ನು ಹೋಟೆಲ್ ಅಕ್ಕ ಎಂದೇ ಕರೆಯುತ್ತಿದ್ದೆವು. ಆ ವರ್ಷ ಇಬ್ಬರು ಊರಿಗೆ ಹೋಗಿ ಒಬ್ಬ ಮುತ್ತೈದೆ ಕಡಿಮೆ ಬಿದ್ದಳು. ಗೋಡೆಯಾಚೆ ಒಬ್ಬಳಿದ್ದಾಳಲ್ಲ ಎಂದು ಹೊಳೆದದ್ದೇ ನಾನು ಅವಳ ಅತ್ತೆಯನ್ನು, ಹಾಲಿನ ಅಜ್ಜಿಯನ್ನು, ಕೇಳಿದೆ. ಲಕ್ಷ್ಮಿಯ ಕೆಲಸ ಎಂದಮೇಲೆ ಆಕೆ ಇಲ್ಲವೆನ್ನಲಿಲ್ಲ. ಸೊಸೆಯ ಜೊತೆ ತಾನೂ ಬಂದು, ಪೂಜೆಯ ಕೋಣೆಯಲ್ಲಿ ಗೋಡೆಗೊರಗಿ ಕೂತಳು. ಸೊಸೆಗೆ ಆಗಲೇ ಒಂದು ಹೆಣ್ಣುಕೂಸಿತ್ತು, ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ನಮ್ಮ ಕಡೆ ಉಡಿ ತುಂಬುವ ಮೊದಲು ಒಡಪು ಹೇಳಬೇಕು. ಗಂಡನ ಹೆಸರನ್ನು ಬರಿಬಾಯಿಂದ ಹೇಳಬಾರದು. ಎರಡು ಸಾಲಿನ ಪ್ರಾಸ ಕಟ್ಟಿ ಅದರೊಳಗೆ ಇಟ್ಟು, ರಾಗ ಎಳೆದು ಹೇಳಬೇಕು. ಹೇಳದಿದ್ದವರನ್ನು ಬಿಡುವುದಿಲ್ಲ. ಹೋಟೆಲ್ ಅಕ್ಕನಿಗೆ ಈ ಪದ್ಧತಿ ಇಲ್ಲ. ಆದರೂ ನಮ್ಮನ್ನು ನೋಡಿ ಕಲಿತುಕೊಂಡು, ಆ ದಿನ ಗಂಡನ ಹೆಸರನ್ನು ಹಳಸಿದ ಚಟ್ನಿಯ ಜೊತೆ ಪ್ರಾಸಕ್ಕೆ ಕಟ್ಟಿ ಎಲ್ಲರನ್ನೂ ನಗಿಸಿದಳು. ಕಾಲೋನಿಯ ಮೂವರದೂ ಆಯಿತು, ನನ್ನದೂ ಆಯಿತು. ಆಮೇಲೆ ಹುಡುಗಿಯ ಸರದಿ.

ಅವಳು ಮಣೆಯ ಮೇಲೆ ಕೂತು ತಲೆ ಬಗ್ಗಿಸಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಕಾಲಲ್ಲಿ ಉಂಗುರವಿಲ್ಲ, ಕೊರಳಲ್ಲಿ ನಮ್ಮ ಕಡೆಯ ತಾಳಿಯಿಲ್ಲ; ಹಸಿರು ಬಳೆಯನ್ನು ನಾನೇ ಹಾಕಿಸಿದ್ದೆ.

“ನಾಚ್ಕಂಡ್ರೆ ಉಡಿ ಸಿಕ್ಕುದಿಲ್ಲೆ ಮಾರಾಯ್ತಿ, ಹೇಳ್ ಕಾಂಬ,” ಎಂದು ಹೋಟೆಲ್ ಅಕ್ಕ ಅವಳ ಬೆನ್ನು ತಟ್ಟಿದಳು.

ಹುಡುಗಿ ರಾಗ ಎತ್ತಿದಳು. ಚಿಕ್ಕವಳಿದ್ದಾಗ ಅಕ್ಕಂದಿರ ಮದುವೆಯಲ್ಲಿ ಕೇಳಿ ಕಲಿತ ರಾಗವೇ ಇರಬೇಕು. “ಹಿತ್ತಲದಾಗಿನ ಬಾವ್ಯಾಗ ಹಗ್ಗಾ ಬಿಟ್ಟೀನಿ...” ಅಲ್ಲಿಗೆ ನಿಂತಳು. ಮುಂದಿನ ಸಾಲು ಮರೆತಿರಬೇಕೆಂದು ನಾನು ಬಾಯಿ ತೆರೆದೆ. ಅವಳು ನನ್ನನ್ನು ನೋಡಿ, ಅದೇ ರಾಗದಲ್ಲಿ, ಅದೇ ಎಳೆತದಲ್ಲಿ ಮುಗಿಸಿದಳು: “ಯಾರ ಹೆಸರ ಹೇಳ್ಲಿರಿ ಅವ್ವಾರ, ಮೂರ ಮಂದಿ ಅದಾರ.”

ನನಗೆ ತಿಳಿಯಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅತ್ತೆ ಗೋಡೆಗೊರಗಿ, ಏನೂ ಅರ್ಥವಾಗದೆ, ಸೊಸೆ ಹಾಡುತ್ತಿದ್ದಾಳೆಂದು ಮುಗುಳ್ನಗುತ್ತಿದ್ದಳು. ನಮ್ಮ ಮುಖಗಳು ಇಳಿದದ್ದನ್ನು ಆಕೆ ನೋಡಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಹೋಟೆಲ್ ಅಕ್ಕನ ತಲೆಗೆ ದೇವರು ಬುದ್ಧಿ ಕೊಟ್ಟ. ಆಕೆ ದೊಡ್ಡದಾಗಿ ಚಪ್ಪಾಳೆ ತಟ್ಟಿ ನಕ್ಕಳು, ನಗುತ್ತಲೇ ನಮಗೆ ಹೇಳಿದಳು, “ಯಾರೂ ಮುಖ ಸಣ್ಣ ಮಾಡ್ಬೇಡಿ. ನಗಿ.” ನಾವು ನಕ್ಕೆವು.

ಮುಂದಿನದೆಲ್ಲ ಒಡಪಿನ ರಾಗದಲ್ಲೇ ನಡೆಯಿತು. ನಾವು ಕೇಳುವುದು, ಅವಳು ಎರಡೆರಡು ಸಾಲು ಎಳೆದು ಹೇಳುವುದು, ನಾವು ಚಪ್ಪಾಳೆ ತಟ್ಟುವುದು. ಅವರ ಓಣಿಯಲ್ಲೇ ಇರುವ ಒಬ್ಬ ಹೆಂಗಸು ಒಳ್ಳೆಯ ಮನೆತನ ಎಂದು ತಾಯಿಯನ್ನು ಒಪ್ಪಿಸಿದಳು. ತಂದೆ ಇರಲಿಲ್ಲ. ಮೂವರು ಹುಡುಗಿಯರನ್ನು ರೈಲಿನಲ್ಲಿ ಕರೆತಂದು ಇಬ್ಬರನ್ನು ಸೂರತ್‌ನಲ್ಲಿ ಇಳಿಸಿದರು, ಇವಳನ್ನು ಇಲ್ಲಿಗೆ ತಂದರು. ಗುಡಿಯಲ್ಲಿ ಮಾಲೆ ಹಾಕಿಸಿದರು. ಕೂಸು ಹುಟ್ಟಿದ ಮೇಲೆ ದೊಡ್ಡವನು ತಾನೇ ಹೇಳಿದನಂತೆ, ತಮ್ಮಂದಿರಿಗೂ ಮನೆಯಲ್ಲಿ ಹಕ್ಕಿದೆ, ಖರ್ಚಿನಲ್ಲಿ ಅವರ ಪಾಲೂ ಇದೆ ಎಂದು. ಅತ್ತೆಗೆ ಗೊತ್ತೇ ಎಂದು ಕೇಳಿದೆ. ಗೊತ್ತು. ಬೇರೆ ಕೋಣೆಯ ಬಾಗಿಲು ತೆರೆದು ಕೊಟ್ಟವಳೇ ಅವಳು.

“ಮನೆಗೆ ಹೋಪ ಮನಸಿತ್ತಾ?” ಎಂದು ಹೋಟೆಲ್ ಅಕ್ಕ ರಾಗ ಎಳೆದಳು.

“ಕೂಸಿನ ಬಿಟ್ಟ ಹೋಗಾಕಿ ಅಲ್ಲರಿ. ನಾ ಎಲ್ಲಿಗರ ಹೊಂಟ್ರ ಕೂಸಿನ ತಮ್ಮ ಕಡೆ ಹಿಡದಿಟಗೊಂತಾರ,” ಎಂದಳು ಹುಡುಗಿ.

ಉಡಿ ತುಂಬಿದೆ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಅಕ್ಕಿ, ಒಂದೂ ಬಿಡದೆ ಹಾಕಿದೆ. ಅತ್ತೆ ಬಂದು ನನ್ನ ಲಕ್ಷ್ಮಿಗೆ ಉದ್ದಂಡ ನಮಸ್ಕಾರ ಹಾಕಿ ಸೊಸೆಯನ್ನು ಕರೆದುಕೊಂಡು ಹೋದಳು.

ಮನೆಯವರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಅಂಜುವವರು. “ಬ್ಯಾರೆಯವರ ಮನಿ ಒಳಗ ನಾವ್ಯಾಕ ಕೈ ಹಾಕಬೇಕು? ನಾಳೆ ಊರಾಗಿನವರೆಲ್ಲ ಬಂದು ಬಾಗಲದಾಗ ನಿಂತ್ರ ಏನ್ಮಾಡ್ತಿ?” ಎಂದರು. ಗುಂಪು ಕಟ್ಟಿದ ಜನ ಏನು ಮಾಡಬಲ್ಲರೆಂದು ಆ ಊರಿನಲ್ಲಿ ನಾವು ಸ್ವಲ್ಪ ದಿನದ ಹಿಂದೆ ಗಲಭೆಯಲ್ಲಿ ಕಂಡಿದ್ದೆವು. ಆದ್ದರಿಂದ ನಾನು ಎದುರು ಮಾತಾಡಲಿಲ್ಲ. ದೇವರ ಮುಂದೆ ಕೂತೆ. ಹೋಟೆಲ್ ಅಕ್ಕ ಮಾತ್ರ ಕೂರಲಿಲ್ಲ. ಅವರ ಹೋಟೆಲಿಗೆ ಭಾನುವಾರ ಇಡ್ಲಿ ತಿನ್ನಲು ಒಬ್ಬ ಬೆನ್, ಅಂದರೆ ಅವರ ಮಾತಿನಲ್ಲಿ ಅಕ್ಕ, ಬರುತ್ತಿದ್ದಳಂತೆ, ವಡೋದರಾ ಕಡೆಯವಳು, ಹೆಂಗಸರ ಸಂಘವೊಂದರಲ್ಲಿ ಕೆಲಸ. ಅಕ್ಕ ಆಕೆಯನ್ನು ನನ್ನ ಅಡುಗೆಮನೆಗೇ ಕರೆತಂದು ಕೂಡಿಸಿದಳು.

ಆ ಬೆನ್ ಆಗ ಒಂದು ವಿಚಿತ್ರ ಕೆಲಸ ಮಾಡುತ್ತಿದ್ದಳು. ಮಾರಾಟವಾದ ಮನುಷ್ಯರನ್ನು ಎಣಿಸುವ ಕೆಲಸ. ದಿಲ್ಲಿಯಲ್ಲಿ ಇಡೀ ದೇಶದ ಲೆಕ್ಕ ಕೂಡಿಸುತ್ತಿದ್ದಾರಂತೆ: ಎಷ್ಟು ಜನರನ್ನು ಮಾರಿದರು, ಎಷ್ಟು ಜನರನ್ನು ಬಿಡಿಸಿದರು, ಎಷ್ಟು ಮೊಕದ್ದಮೆ ಆದವು ಎಂದು. ಅದಕ್ಕಾಗಿ ಠಾಣೆಯಿಂದ ಠಾಣೆಗೆ ತಿರುಗುತ್ತಿದ್ದಳು. ಹೋದಲ್ಲೆಲ್ಲ ಚಹಾ ಕೊಟ್ಟು, ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಕಳಿಸುತ್ತಿದ್ದರಂತೆ. ನಮ್ಮ ಹುಡುಗಿಯ ಕಥೆ ಕೇಳಿ ಆಕೆ ತಟ್ಟೆಯನ್ನು ಪಕ್ಕಕ್ಕಿಟ್ಟಳು. ಇಂಥವರು ಎಲ್ಲಿ ತಪ್ಪಿಹೋಗುತ್ತಾರೆಂದು ನನಗೆ ಬಿಡಿಸಿ ಹೇಳಿದಳು. ಕಾಣೆಯಾದವಳು ಎನ್ನೋಣವೆಂದರೆ ತಾಯಿಯೇ ಕಳಿಸಿಕೊಟ್ಟಿದ್ದಾಳೆ. ಅಪಹರಣ ಎನ್ನೋಣವೆಂದರೆ ಅವಳೇ ರೈಲು ಹತ್ತಿದ್ದಾಳೆ. ವರದಕ್ಷಿಣೆ ಕಾಟ ಎನ್ನೋಣವೆಂದರೆ ಇಲ್ಲಿ ಕೊಟ್ಟವರೇ ಗಂಡಿನ ಕಡೆಯವರು. ಮಾರಾಟ ಎಂದು ಬರೆಯಬೇಕಾದರೆ ಮಾರಿದವರು ಬೇಕು, ಅವರು ಇನ್ನೊಂದು ರಾಜ್ಯದಲ್ಲಿದ್ದಾರೆ. ಇವಳ ಕೇಸು ಸರಿಯಾಗಿ ದಾಖಲಾದರೆ, ಅದನ್ನು ತೋರಿಸಿ ಉಳಿದ ಸೊಸೆಯರ ಬಾಗಿಲನ್ನೂ ತಟ್ಟಬಹುದು ಎಂದು ಆಕೆಗೆ ಆಸೆ. ನನಗೆ ಅಷ್ಟೆಲ್ಲ ತಲೆಗೆ ಹೋಗಲಿಲ್ಲ. ಕೂಸನ್ನು ಹೊರಗೆ ತರುವುದು ಹೇಗೆ ಎಂಬುದೊಂದೇ ನನ್ನ ಚಿಂತೆ.

ದಾರಿಯನ್ನು ಲಕ್ಷ್ಮಿತಾಯಿಯೇ ತೋರಿಸಿದಳು. ಕೊನೆಯ ಶುಕ್ರವಾರ ನಮ್ಮಲ್ಲಿ ಒಂದು ಹೆಣ್ಣುಕೂಸನ್ನು ಮಣೆಯ ಮೇಲೆ ಕೂಡಿಸಿ, ಕಾಲು ತೊಳೆದು, ಲಕ್ಷ್ಮಿಯೆಂದೇ ಪೂಜೆ ಮಾಡುವುದುಂಟು. ನಾನು ಹಾಲಿನ ಅಜ್ಜಿಯ ಹತ್ತಿರ ಅವಳ ಮೊಮ್ಮಗಳನ್ನು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು. ಅವರಲ್ಲಿ ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುತ್ತಾರೆ. ಈ ಕೂಸು ಹುಟ್ಟಿದಾಗ ಜಿಲೇಬಿಯನ್ನೂ ಹಂಚಲಿಲ್ಲವಂತೆ. ಅಂಥ ಕೂಸಿನ ಕಾಲು ತೊಳೆಯುತ್ತೇನೆಂದು ಒಬ್ಬಳು ಬಂದು ಕೇಳುತ್ತಿದ್ದಾಳೆ ಎಂದು ಆಕೆಯ ಕಣ್ಣು ತುಂಬಿತು.

ಶುಕ್ರವಾರ ಅಜ್ಜಿ ಕೂಸಿಗೆ ಹೊಸ ಫ್ರಾಕು ತೊಡಿಸಿ, ಕಣ್ಣಿಗೆ ಕಾಡಿಗೆ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ತಾನೇ ಎತ್ತಿಕೊಂಡು ಬಂದಳು. ಹುಡುಗಿ ಹಿಂದೆ ಬಂದಳು. ಮನೆಯವರು ಆಫೀಸಿಗೆ ರಜೆ ಹಾಕಿ ವರಾಂಡದಲ್ಲಿ ಪೇಪರು ಹಿಡಿದು ಕೂತಿದ್ದರು. ಪೂಜೆಯಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಕೂಸಿನ ಕಾಲು ತೊಳೆದೆ, ಅರಿಶಿನ ಹಚ್ಚಿದೆ, ಆರತಿ ಬೆಳಗಿದೆ. ಅದು ದೀಪಕ್ಕೆ ಕೈ ಚಾಚಿ ನಕ್ಕಿತು. ಹೋಳಿಗೆ ಬಡಿಸಿದೆ. ಇದು ನಮ್ಮ ವೇಡ್ಮಿಯೇ, ತುಪ್ಪ ಮಾತ್ರ ನೀವು ಕಡಿಮೆ ಹಾಕುತ್ತೀರಿ ಎಂದು ಅಜ್ಜಿ ತಮಾಷೆ ಮಾಡಿ ಎರಡು ತಿಂದಳು. ಕೈ ತೊಳೆಯುವ ಹೊತ್ತಿಗೆ ಬೆನ್ ಒಬ್ಬ ಹೆಣ್ಣು ಪೊಲೀಸಿನವಳ ಜೊತೆ ಬಂದಳು.

ಅಜ್ಜಿಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ಕೂಗಾಡಲಿಲ್ಲ. ಎದ್ದು ನಿಂತು ನನ್ನನ್ನೇ ನೋಡಿದಳು. “ಮಾತಾಜಿಯ ಹೆಸರು ಹೇಳಿ ಕರೆದೆಯಲ್ಲ, ಬೆನ್,” ಎಂದಳು ಅವಳ ಭಾಷೆಯಲ್ಲಿ.

“ಪೂಜೆ ಸುಳ್ಳಲ್ಲ, ಬಾ,” ಎಂದೆ, ಅವರು ತಾಯಿಯನ್ನು ಕರೆಯುವ ಹಾಗೆ.

ಎಲ್ಲರೂ ಠಾಣೆಗೆ ಹೋದೆವು, ಅಜ್ಜಿ ಕೂಸನ್ನು ಎತ್ತಿಕೊಂಡೇ ಬಂದಳು. ಅಲ್ಲಿ ಹುಡುಗಿಯ ಮಾತನ್ನು ದಾಟಿಸುವವಳು ನಾನೊಬ್ಬಳೇ. ನನ್ನ ಗುಜರಾತಿ ಬದನೆಕಾಯಿ ಕೊಳ್ಳುವಷ್ಟು. ಹಿಂದಿ ಟೀವಿಯ ಧಾರಾವಾಹಿಗಳು ಕಲಿಸಿದ್ದು. ಮನೆಯಲ್ಲಿ ಹೆಂಗಸರ ನಡುವೆಯೂ ರಾಗ ಹಾಕಿ ಹೇಳಿದ್ದನ್ನು ಈಗ ಮೇಜಿನಾಚೆ ಕೂತ ಗಂಡಸರಿಗೆ ಆ ಭಾಷೆಯಲ್ಲಿ ಹೇಳಬೇಕು. ಸಾಹೇಬ ಕೆಟ್ಟವನಲ್ಲ, ನನಗೆ ಕುರ್ಚಿ ಹಾಕಿಸಿದ. ಬರೆಯುತ್ತಿದ್ದ ಅವನ ಪೆನ್ನು ಒಂದು ಕಡೆ ನಿಂತಿತು. ಇನ್ನೊಮ್ಮೆ ಹೇಳಿ ಎಂದ. ಬಾಯಿಂದ ಮತ್ತೆ ಹೇಳಲಾಗಲಿಲ್ಲ. ಮೂರು ಬೆರಳು ಎತ್ತಿ ತೋರಿಸಿದೆ. ಅವನು ಪೆನ್ನು ಕೆಳಗಿಟ್ಟು, ಆ ಮೂವರನ್ನು ಕರೆತರಲು ಪೇದೆಯನ್ನು ಕಳಿಸಿದ.

ಅಣ್ಣತಮ್ಮಂದಿರು ಬಂದರು. ನಾನು ರಾಕ್ಷಸರನ್ನು ನಿರೀಕ್ಷಿಸಿದ್ದೆ. ಕೊಟ್ಟಿಗೆಯಿಂದ ನೇರ ಬಂದ, ಕಾಲಿಗೆ ಸೆಗಣಿ ಮೆತ್ತಿದ, ಬಾಯಿ ಸತ್ತ ಮೂವರು ಗಂಡಸರು. ದೊಡ್ಡವನು ಗುಡಿಯಲ್ಲಿ ಮಾಲೆ ಹಾಕಿಕೊಂಡ ಫೋಟೋ ತಂದಿದ್ದ. ಮದುವೆಯಾಗಿದ್ದೇನೆ ಎಂದ. ಅವರ ಜೊತೆ ಬಂದಿದ್ದ ಹಳ್ಳಿಯ ಹಿರಿಯರೊಬ್ಬರು, ಮನೆಯ ಜಗಳ, ಮನೆಯಲ್ಲೇ ಮುಗಿಸೋಣ ಎಂದು ಮತ್ತೆ ಮತ್ತೆ ಹೇಳಿದರು.

ಸಾಹೇಬ ಬೆನ್‌ಗೆ ಲೆಕ್ಕ ಒಪ್ಪಿಸಿದಂತೆ ಹೇಳಿದ. ಅವಳು ಹೇಳಿದ ಹಾಗೆ ಬರೆದರೆ ಇದು ದೊಡ್ಡ ಕೇಸು. ಕರ್ನಾಟಕಕ್ಕೆ ಹೋಗಿ ಆ ಮಧ್ಯಸ್ಥಿಕೆಯ ಹೆಂಗಸನ್ನು ಹುಡುಕಬೇಕು. ಅಲ್ಲಿಯವರೆಗೆ ಹುಡುಗಿ ಸರಕಾರಿ ಆಶ್ರಯದಲ್ಲಿ ಇರಬೇಕು, ಎಷ್ಟು ತಿಂಗಳೋ ಹೇಳಲಾಗದು. ಇವರೂ ವಕೀಲರನ್ನು ಹಿಡಿದು ಕೂಸಿಗಾಗಿ ಕೋರ್ಟಿಗೆ ಹೋಗುತ್ತಾರೆ. ಅದರ ಬದಲು ಘರ್‌ಕಂಕಾಸ್, ಅಂದರೆ ಮನೆಜಗಳ ಎಂದು ಬರೆದು, ಹೆಂಡತಿ ತನ್ನಿಚ್ಛೆಯಿಂದ ತವರಿಗೆ ಹೋಗುತ್ತಿದ್ದಾಳೆ ಎಂದು ಎರಡೂ ಕಡೆಯವರ ಹೆಬ್ಬೆಟ್ಟು ತೆಗೆದುಕೊಂಡರೆ ಇವತ್ತೇ ಹೋಗಬಹುದು. ಬೆನ್ ಬಹಳ ವಾದ ಮಾಡಿದಳು. ಇದನ್ನು ಜಗಳ ಎಂದು ಬರೆದರೆ ನಾಳೆ ಇನ್ನೊಬ್ಬಳನ್ನು ತರುತ್ತಾರೆ ಎಂದಳು. ನನ್ನ ಕಡೆ ತಿರುಗಿ, ನೀವು ಅವಳಿಗೆ ತಿಳಿಸಿ ಹೇಳಿ ಎಂದಳು.

ನಾನು ಎರಡೂ ದಾರಿಗಳನ್ನು ಹುಡುಗಿಗೆ ಹೇಳಿದೆ. ಯಾವುದು ಒಳ್ಳೆಯದೆಂದು ಹೇಳುವಷ್ಟು ನಾನು ದೊಡ್ಡವಳಲ್ಲ. ಅವಳ ಕಣ್ಣು ನನ್ನ ಮೇಲೆ ಇರಲಿಲ್ಲ. ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ ಕೂಸಿನ ಮೇಲಿತ್ತು.

“ಏನರ ಬರ್ಕೊಳ್ಳಿರಿ,” ಎಂದಳು. “ನನ್ನ ಕೂಸಿನ ನನಗ ಕೊಡ್ರಿ.”

ಇಷ್ಟನ್ನು ಹಿಂದಿಯಲ್ಲಿ ಹೇಳಲು ನನಗೆ ಕಷ್ಟವಾಗಲಿಲ್ಲ. ಬೆನ್ ತಲೆ ತಗ್ಗಿಸಿದಳು.

ಕೂಸಿನ ಮಾತು ಬಂದಾಗ ಸಾಹೇಬ, ಇದರ ತಂದೆ ಯಾರು, ಅವನು ಏನನ್ನುತ್ತಾನೆ ಎಂದು ಕೇಳಿದ. ಮೂವರೂ ನೆಲ ನೋಡಿದರು. ಕೊನೆಗೆ ದೊಡ್ಡವನು, ಹುಡುಗಿ ತಾನೇ, ಒಯ್ಯಲಿ ಎಂದ. ಗಂಡಾಗಿದ್ದರೆ ಕೊಡುತ್ತಿರಲಿಲ್ಲ. ಜಿಲೇಬಿ ಹಂಚದ ಆ ಹೆಣ್ಣುಜನ್ಮವೇ ತಾಯಿಯನ್ನು ಕಾಪಾಡಿತು. ಇದನ್ನು ದೇವರ ದಯೆ ಎನ್ನಲೇ ಎಂದು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಎನ್ನುತ್ತೇನೆ. ಬೇರೇನು ಸಿಕ್ಕಿತ್ತು ಅಲ್ಲಿ?

ಕೂಸನ್ನು ಕೇಳಿದವಳು ಅಜ್ಜಿಯೊಬ್ಬಳೇ. ನಾನು ಸಾಕಿದ್ದೇನೆ, ಇದು ನನ್ನದು ಎಂದು ಎದೆಗವಚಿಕೊಂಡಳು. ಹೆಣ್ಣು ಪೊಲೀಸಿನವಳು ಆಕೆಯ ತೋಳಿನಿಂದ ಬಿಡಿಸಿ ತಾಯಿಗೆ ಕೊಟ್ಟಾಗ ಕೂಸು ಎಚ್ಚರವಾಗಿ ಅಜ್ಜಿಯ ಕಡೆಗೇ ಕೈ ಚಾಚಿ ಅತ್ತಿತು. ಬೆಳಿಗ್ಗೆ ನಾನು ಹಚ್ಚಿದ ಅರಿಶಿನ ಅಜ್ಜಿಯ ಸೀರೆಗೆಲ್ಲ ಹತ್ತಿತ್ತು.

ಹೋಟೆಲ್ ಅಕ್ಕ ಚೌತಿಗೆ ಊರಿಗೆ ಹೊರಟಿದ್ದಳು. ಹುಡುಗಿಯನ್ನು ಹುಬ್ಬಳ್ಳಿಯವರೆಗೆ ತಾನೇ ಕರೆದೊಯ್ದಳು. ಹೊರಡುವವರೆಗೆ ತಾಯಿ ಮಗಳು ಅವರ ಹೋಟೆಲಿನ ಮಹಡಿಯಲ್ಲೇ ಇದ್ದರು. ಹಳ್ಳಿಯಿಂದ ಯಾರೂ ಬರಲಿಲ್ಲ, ಅದೊಂದು ಪುಣ್ಯ.

ರೈಲಿನ ಸಂಗತಿ ಅಕ್ಕ ಬಂದಮೇಲೆ ಹೇಳಿದ್ದು. ವಡೋದರಾ ದಾಟುವವರೆಗೆ ಹುಡುಗಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳಂತೆ. ಸೂರತ್ ಬಂದದ್ದೇ ಕೂಸನ್ನು ಅಕ್ಕನ ಕೈಗೆ ಕೊಟ್ಟು ಬಾಗಿಲಿಗೆ ಓಡಿದಳು. ಇಳಿದುಬಿಡುತ್ತಾಳೆಂದು ಅಕ್ಕ ಸೆರಗು ಹಿಡಿದುಕೊಂಡಳು. ಇಳಿಯಲಿಲ್ಲ. ಬಾಗಿಲ ಸರಳು ಹಿಡಿದು, ಗಾಡಿ ನಿಂತಷ್ಟು ಹೊತ್ತೂ, ಬಂದಾಗ ಅಲ್ಲಿ ಇಳಿಸಿದ ಆ ಇಬ್ಬರು ಹುಡುಗಿಯರ ಹೆಸರು ಹಿಡಿದು ಕೂಗಿದಳಂತೆ. ಪ್ಲಾಟ್‌ಫಾರ್ಮಿನ ಜನ ಯಾರನ್ನೋ ಕಳೆದುಕೊಂಡಿದ್ದಾಳೆಂದು ತಿಳಿದು ತಾವೂ ಆಚೀಚೆ ನೋಡಿದರು. ಒಬ್ಬ ಚಹಾದವನು, ಎಷ್ಟು ವಯಸ್ಸಿನವರು, ಯಾವ ಬಣ್ಣದ ಸೀರೆ ಎಂದು ಕೇಳಿದ. ಅವಳಿಗೆ ಅವನ ಪ್ರಶ್ನೆ ತಿಳಿಯುವಷ್ಟು ಭಾಷೆ ಬರುತ್ತಿತ್ತು, ಉತ್ತರ ತಿಳಿದಿರಲಿಲ್ಲ. ಗಾಡಿ ಹೊರಟಿತು.

ಕೆಲವು ತಿಂಗಳ ಮೇಲೆ ಅವಳು ಎಸ್‌ಟಿಡಿ ಬೂತಿನಿಂದ ಹೋಟೆಲಿಗೆ ಫೋನು ಮಾಡಿದ್ದಳು. ತಾಯಿ ಒಳಗೆ ಕರೆದುಕೊಂಡಿದ್ದಳು, ಅಣ್ಣ ಗೊಣಗುತ್ತಿದ್ದ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಖಾರದ ಕೈಯಿಂದ ಕೂಸನ್ನು ಮುಟ್ಟಿದರೆ ಅದು ಚೀರುತ್ತದೆ. ಅದಕ್ಕೆ ಮನೆಗೆ ಬಂದವಳೇ ಮಜ್ಜಿಗೆಯಲ್ಲಿ ಕೈ ತೊಳೆದು, ಕೈ ತಣ್ಣಗಾಗುವವರೆಗೆ ಮಗಳಿಂದ ದೂರ ಕೂತಿರಬೇಕಂತೆ. ಅವಳನ್ನು ಕಳಿಸಿದ ಆ ಹೆಂಗಸು ಈಗಲೂ ಅದೇ ಓಣಿಯಲ್ಲಿದ್ದಾಳೆ, ಎದುರಾದರೆ ಹೇಗಿದ್ದೀ ಎಂದು ಕೇಳುತ್ತಾಳೆ. ಅಲ್ಲಿಯ ಠಾಣೆಯವರು ಏನೂ ಬರೆದುಕೊಂಡಿಲ್ಲ. ಕಾಣೆಯಾಗಿದ್ದಾಳೆಂದು ಯಾರೂ ಹೇಳಿರಲಿಲ್ಲ. ಹಾಗಾಗಿ ಅವರ ಪಾಲಿಗೆ ಯಾರೂ ಮರಳಿ ಬಂದಿರಲಿಲ್ಲ.

ಮುಂದಿನ ವರ್ಷ ನಾನು ಹೋಟೆಲಿನಲ್ಲಿ ಕೂತಿದ್ದಾಗ ಬೆನ್ ಬಂದು ಹೇಳಿದಳು, ದಿಲ್ಲಿಯ ಲೆಕ್ಕ ಅಚ್ಚಾಗಿ ಬಂದಿದೆಯಂತೆ. ಯಾವ್ಯಾವ ಕಡೆಯಿಂದ ಏನೇನು ಕಂಡಿತು ಎಂದು ಬರೆದಿದ್ದಾರೆ. ನಾವಿದ್ದ ಈ ಊರಿನ ಮುಂದೆ, ಏನೂ ಕಂಡಿಲ್ಲವೆಂದು, ಒಂದು ಅಡ್ಡಗೆರೆ. ಹೋಟೆಲ್ ಅಕ್ಕ ಸಾಂಬಾರು ಬಡಿಸುತ್ತಿದ್ದವಳು ಸೌಟು ಎತ್ತಿ ನಿಂತಳು. “ನಮ್ಮ ಹೋಟ್ಲಲ್ಲಿ ಒಂದ್ ವಡೆ ಕಮ್ಮಿ ಆರೂ ಲೆಕ್ಕದಲ್ಲಿ ಗೊತ್ತಾತ್ತ್. ಒಂದ್ ಹೆಣ್ಣ್ ಕಮ್ಮಿ ಆರೆ ಗೆರೆ ಎಳುದಾ?” ಎಂದಳು. ಆ ಗೆರೆಗೆ ಬದಲಾಗಿ ಒಂದು ಕೂಸು ತಾಯಿಯ ಹತ್ತಿರ ಇದೆ ಎಂದು ನಾನು ಸಮಾಧಾನ ಹೇಳಲು ಹೋದೆ. ಬೆನ್‌ಗೆ ಅದು ಗೊತ್ತಿತ್ತು. ನನಗೂ ಗೆರೆಯ ಇನ್ನೊಂದು ಬದಿ ಗೊತ್ತಿತ್ತು, ಯಾಕೆಂದರೆ ಅಷ್ಟರಲ್ಲಿ ಗೋಡೆಯಾಚೆ ಹೊಸಬಳು ಬಂದಿದ್ದಳು.

ಅಜ್ಜಿ ನಮ್ಮ ಮನೆಗೆ ಹಾಲು ಹಾಕುವುದನ್ನು ಬಿಟ್ಟಿದ್ದಳು. ಮೇಲಿನ ಮನೆಗೆ ಬರುತ್ತಿದ್ದಳು. ಅವಳ ಹಿಂದೆ ಕ್ಯಾನು ಹೊತ್ತು, ಸೆರಗು ಇಳಿಬಿಟ್ಟುಕೊಂಡು ಇನ್ನೊಬ್ಬಳು. ಕೈ ಮಾತ್ರ ಕಾಣುತ್ತಿತ್ತು. ಅದರ ಮೇಲಿನ ಹಚ್ಚೆ ನಮ್ಮ ಕಡೆಯದಲ್ಲ. ಶ್ರಾವಣದಲ್ಲಿ ನಾನು ಮೆಟ್ಟಿಲ ಬಳಿ ನಿಂತು ಅರಿಶಿನ ಕುಂಕುಮಕ್ಕೆ ಕರೆದೆ. ಅಜ್ಜಿ ನಿಲ್ಲಲಿಲ್ಲ. ಎರಡು ಮೆಟ್ಟಿಲು ಇಳಿದು, ಕೂಸು ಹೇಗಿದೆ ಎಂದು ಮಾತ್ರ ಕೇಳಿದಳು. ಚೆನ್ನಾಗಿದೆ, ಓಡಾಡುತ್ತದೆ ಎಂದೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಹೊಸಬಳನ್ನು ಮುಂದೆ ಮಾಡಿಕೊಂಡು ಹೋದಳು.

ಎಣ್ಣೆ ಕಂಪನಿಯ ಕಾಲೋನಿ ಎಂದರೆ ಅಲ್ಲಿ ಇಲ್ಲದ ಭಾಷೆಯಿಲ್ಲ. ನಾನು ಮರುದಿನದಿಂದ ಒಬ್ಬೊಬ್ಬರನ್ನೇ ಬೆಳಿಗ್ಗೆ ಚಹಾಕ್ಕೆ ಕರೆಯತೊಡಗಿದೆ. ಮೊದಲು ಒರಿಸ್ಸಾದಾಕೆ, ಆಮೇಲೆ ಬಂಗಾಳದಾಕೆ, ಮರಾಠಿಯಾಕೆ, ಅಸ್ಸಾಮಿನಿಂದ ವರ್ಗವಾಗಿ ಬಂದ ಹೊಸ ಮದುವಣಗಿತ್ತಿ. ಚಹಾದ ಲೋಟ ಕೈಯಲ್ಲಿ ಕೊಟ್ಟು ಹಿತ್ತಲಿನ ಬಿರುಕಿನ ಹತ್ತಿರ ನಿಲ್ಲಿಸುತ್ತಿದ್ದೆ. ಕೇಳಿ, ಎಮ್ಮೆಗೆ ಯಾವ ಭಾಷೆಯಲ್ಲಿ ಬೈಯುತ್ತಾಳೆ ಹೇಳಿ ಎನ್ನುತ್ತಿದ್ದೆ. ಮೊದಲು ನಕ್ಕರು. ಆಮೇಲೆ ಕಾರಣ ಹೇಳಿದೆ, ಯಾರೂ ನಗಲಿಲ್ಲ. ಕೆಲವರು ನಾನು ಕರೆಯದೆಯೂ ಬಂದು ನಿಲ್ಲುತ್ತಿದ್ದರು.

ಎಮ್ಮೆಗಳು ಗೊರಸಿನ ಸದ್ದು ಮಾಡುತ್ತ ಹೋಗುತ್ತಿದ್ದವು, ಹಿಂದೆ ಕೋಲಿನ ಸದ್ದು. ಅವಳು ಬಾಯಿ ಬಿಡುತ್ತಿರಲಿಲ್ಲ. ಎಮ್ಮೆಯ ಜೊತೆಗೂ ಮಾತಾಡಬೇಡವೆಂದು ಹೇಳಿಟ್ಟಿದ್ದರೋ, ಅವಳೇ ಮಾತು ಬಿಟ್ಟಿದ್ದಳೋ. ಕಾಲೋನಿಯ ಆಫೀಸಿನವರು ಆ ವರ್ಷ ಗೋಡೆಯ ರಿಪೇರಿಗೆ ಬಂದರು. ಹಿತ್ತಲಿಗೆ ಗಾಳಿ ಬೇಕು ಎಂದು ಮನೆಯವರು ಏನೋ ನೆವ ಹೇಳಿ ನಮ್ಮ ಪಾಲಿನ ಬಿರುಕನ್ನು ಹಾಗೇ ಬಿಡಿಸಿದರು. ತುಳಸಿಗೆ ನೀರು ಹಾಕುವ ಹೊತ್ತಿಗೆ ಅವರೂ ಪೇಪರು ಹಿಡಿದು ಹಿತ್ತಲಿಗೆ ಬಂದು, ಆ ಕೋಲಿನ ಸದ್ದು ದಾಟಿಹೋಗುವವರೆಗೆ, ಪುಟ ತಿರುವದೆ ನಿಂತಿರುತ್ತಿದ್ದರು.